ಬಾಕ್ಸರ್‌ನ ಪ್ರೈಮ್ ಯಾವಾಗ? ವಾದಕ್ಕೆ ಕೂರುವ ಮೊದಲು ಹಂತ ಹಂತವಾಗಿ ಲೆಕ್ಕ ಹಾಕುವುದು ಹೇಗೆ

ಪ್ರೈಮ್ ಅಂದರೆ ಬಾಕ್ಸರ್ ತನ್ನ ಅತ್ಯುತ್ತಮ ಸ್ಥಿತಿಯಲ್ಲಿದ್ದ ಕಾಲ. ಮುಹಮ್ಮದ್ ಅಲಿ ಅವರ ಪ್ರೈಮ್ ಯಾವಾಗ ಅಂತ ಕೇಳಿ ನೋಡಿ. ಒಬ್ಬರು 1974 ಅನ್ನುತ್ತಾರೆ, ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ಅವರನ್ನು ಕೆಡವಿದ ವರ್ಷ. ಇನ್ನೊಬ್ಬರು 1966 ಅನ್ನುತ್ತಾರೆ. ಇಬ್ಬರ ಹತ್ತಿರವೂ ಪಂದ್ಯಗಳಿವೆ, ತಾರೀಖುಗಳಿವೆ. ಆದರೂ ಗಂಟೆಗಟ್ಟಲೆ ಮಾತಾಡಿದರೂ ವಾದ ಇದ್ದಲ್ಲೇ ಇರುತ್ತದೆ.

ಇದಕ್ಕೆ ಎರಡು ಕಾರಣ. ಒಂದು, ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತಾರೆ. ಎರಡು, ಉತ್ತರವನ್ನು ಮೊದಲೇ ಇಟ್ಟುಕೊಂಡು ಆಮೇಲೆ ಅದಕ್ಕೆ ಹೊಂದುವ ಪಂದ್ಯ ಹುಡುಕುತ್ತಾರೆ. ಕ್ರಮ ತಲೆಕೆಳಗಾದರೆ ಎಷ್ಟು ವಿಡಿಯೊ ನೋಡಿದರೂ ಪ್ರಯೋಜನವಿಲ್ಲ.

ಇಲ್ಲಿ ಅಲಿ ಅವರನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಅವರ ವೃತ್ತಿಯ ನಡುವೆ ಮೂರೂವರೆ ವರ್ಷ ಖಾಲಿ ಇದೆ, ಹಾಗಾಗಿ ಲೆಕ್ಕ ಕಷ್ಟದ್ದು. ಇದನ್ನು ಮಾಡಲು ಬಂದರೆ ಬೇರೆ ಯಾರದನ್ನಾದರೂ ಮಾಡಬಹುದು. ಕೊನೆಯಲ್ಲಿ ಮೈಕ್ ಟೈಸನ್ ಅವರ ಮೇಲೆ ಇದೇ ವಿಧಾನವನ್ನು ಬೇಗ ಬೇಗ ಓಡಿಸಿ ನೋಡೋಣ.

ಏನೇನು ಬೇಕು

ದೊಡ್ಡ ಸಾಮಾನು ಏನೂ ಬೇಡ. ಬಾಕ್ಸರ್‌ನ ಪೂರ್ತಿ ಪಂದ್ಯಪಟ್ಟಿ, ತಾರೀಖು ಮತ್ತು ತೂಕದ ಸಮೇತ. ಪೂರ್ತಿ ಪಂದ್ಯಗಳ ವಿಡಿಯೊ. ಒಂದು ನೋಟ್‌ಬುಕ್. ಮೊಬೈಲ್‌ನಲ್ಲಿರುವ ಸ್ಟಾಪ್‌ವಾಚ್.

ಸ್ಟಾಪ್‌ವಾಚ್ ಯಾಕೆ ಅಂದರೆ, ಹಳೆಯ ಪಂದ್ಯಗಳ ತುಣುಕುಗಳನ್ನು ಎಷ್ಟೋ ಜನ ಸ್ವಲ್ಪ ವೇಗ ಹೆಚ್ಚಿಸಿ ಹಾಕಿರುತ್ತಾರೆ. ನೋಡುವವರಿಗೆ ಅಬ್ಬಾ ಅನ್ನಿಸುತ್ತದೆ, ಆದರೆ ಅದು ಬಾಕ್ಸರ್‌ನ ವೇಗವಲ್ಲ. ಒಂದು ರೌಂಡ್ ಅಂದರೆ ಮೂರು ನಿಮಿಷ. ರೌಂಡ್ ಶುರುವಾಗುವಾಗ ಬಾರಿಸುವ ಗಂಟೆಯಿಂದ ಮುಗಿಯುವಾಗ ಬಾರಿಸುವ ಗಂಟೆಯವರೆಗೆ ಅಳೆದು ನೋಡಿ. ಎರಡೂವರೆ ನಿಮಿಷಕ್ಕೇ ರೌಂಡ್ ಮುಗಿದರೆ ಆ ವಿಡಿಯೊ ಬಿಟ್ಟುಬಿಡಿ.

ಹೈಲೈಟ್ಸ್ ಬೇಡವೇ ಬೇಡ. ಅದರಲ್ಲಿ ತಗುಲಿದ ಹೊಡೆತ ಮಾತ್ರ ಇರುತ್ತದೆ. ನಮಗೆ ಬೇಕಾದದ್ದು ಹೊಡೆತಗಳ ನಡುವಿನ ಹೊತ್ತು. ಬಾಕ್ಸರ್ ಎಲ್ಲಿ ನಿಂತಿದ್ದ, ಎಷ್ಟು ಉಸಿರು ತೆಗೆದುಕೊಂಡ, ಯಾವಾಗ ರಿಂಗಿನ ಹಗ್ಗಕ್ಕೆ ಒರಗಿದ ಅನ್ನೋದೆಲ್ಲ ಅಲ್ಲೇ ಕಾಣುವುದು.

ಹಂತ 1: ಯಾವ ಪ್ರೈಮ್ ಅಂತ ಮೊದಲು ಬರೆಯಿರಿ

ಪ್ರೈಮ್ ಅನ್ನುವಾಗ ಜನ ಮೂರು ವಿಷಯ ಕಲಸಿಬಿಡುತ್ತಾರೆ. ಒಂದು ದೇಹದ ಪ್ರೈಮ್: ಕಾಲು, ಕಣ್ಣು, ಕೈಯ ವೇಗ, ದಮ್ಮು. ಎರಡನೆಯದು ಕಸುಬಿನ ಪ್ರೈಮ್: ಎದುರಾಳಿಯನ್ನು ಓದುವುದು, ಶಕ್ತಿ ಉಳಿಸುವುದು, ಸರಿಯಾದ ಹೊತ್ತಿಗೆ ಹೊಡೆಯುವುದು. ಮೂರನೆಯದು ಸಾಧನೆ: ದೊಡ್ಡ ಗೆಲುವು ಬಂದ ಕಾಲ.

ಈ ಮೂರೂ ಒಂದೇ ವರ್ಷ ಬರಬೇಕೆಂದಿಲ್ಲ. ಫೋರ್‌ಮನ್ 1994ರ ನವೆಂಬರ್‌ನಲ್ಲಿ ಮೈಕಲ್ ಮೂರರ್ ಅವರನ್ನು ನಾಕೌಟ್ ಮಾಡಿ ಮತ್ತೆ ಹೆವಿವೇಟ್ ಚಾಂಪಿಯನ್ ಆದರು. ಆಗ ಅವರ ವಯಸ್ಸು 45. ಅದು ದೇಹದ ಪ್ರೈಮ್ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಆದರೆ ಅಲಿ ವಿಷಯಕ್ಕೆ ಬಂದಾಗ ಅದೇ ಜನ 1974ರ ಗೆಲುವನ್ನು ತೋರಿಸಿ ಪ್ರೈಮ್ ಅಂದುಬಿಡುತ್ತಾರೆ.

ಈ ಬರಹದಲ್ಲಿ ನಾವು ಹುಡುಕುತ್ತಿರುವುದು ದೇಹದ ಪ್ರೈಮ್. ನೋಟ್‌ಬುಕ್‌ನ ಮೊದಲ ಸಾಲಿನಲ್ಲಿ ಅದನ್ನೇ ಬರೆದುಕೊಳ್ಳಿ. ವಾದದ ನಡುವೆ ಎದುರಿನವರು ‘ಆದರೆ ಫೋರ್‌ಮನ್‌ನ ಸೋಲಿಸಿದ್ನಲ್ಲ’ ಅಂದಾಗ ನಿಮ್ಮನ್ನು ಕಾಪಾಡುವುದು ಆ ಸಾಲೇ.

ಹಂತ 2: ವಿಡಿಯೊ ಹಾಕುವ ಮೊದಲು ಪಟ್ಟಿ ಮಾಡಿ

ಒಂದೊಂದು ಪಂದ್ಯಕ್ಕೆ ಒಂದೊಂದು ಸಾಲು. ತಾರೀಖು, ಆ ದಿನದ ವಯಸ್ಸು, ತೂಕ, ಎಷ್ಟು ರೌಂಡ್, ಹಿಂದಿನ ಪಂದ್ಯದಿಂದ ಎಷ್ಟು ತಿಂಗಳ ಅಂತರ, ಎದುರಾಳಿಯ ವಯಸ್ಸು ಮತ್ತು ಸ್ಥಿತಿ. ಗೆಲುವು ಸೋಲಿನ ಕಾಲಂ ಕೊನೆಗಿರಲಿ. ಮೊದಲೇ ಇಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಅಲಿ ಹುಟ್ಟಿದ್ದು 1942ರ ಜನವರಿ 17. ಪಟ್ಟಿ ಮಾಡುತ್ತಿದ್ದ ಹಾಗೆ ಒಂದು ವಿಷಯ ತಾನಾಗಿ ಎದ್ದು ಕಾಣುತ್ತದೆ. 1966ರ ಮಾರ್ಚ್ 29ರಂದು ಟೊರಾಂಟೊದಲ್ಲಿ ಜಾರ್ಜ್ ಚುವಾಲೊ ವಿರುದ್ಧ ಪಂದ್ಯ. ಮೇನಲ್ಲಿ ಹೆನ್ರಿ ಕೂಪರ್, ಆಗಸ್ಟ್‌ನಲ್ಲಿ ಬ್ರಯಾನ್ ಲಂಡನ್, ಸೆಪ್ಟೆಂಬರ್‌ನಲ್ಲಿ ಕಾರ್ಲ್ ಮಿಲ್ಡೆನ್‌ಬರ್ಗರ್, ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್. 1967ರ ಫೆಬ್ರವರಿಯಲ್ಲಿ ಅರ್ನಿ ಟೆರೆಲ್, ಮಾರ್ಚ್ 22ರಂದು ಜೋರಾ ಫಾಲಿ. ಒಂದು ವರ್ಷದೊಳಗೆ ಏಳು ಪ್ರಶಸ್ತಿ ಪಂದ್ಯ. ಅದರಲ್ಲಿ ಎರಡು ಪೂರ್ತಿ 15 ರೌಂಡ್ ಹೋದವು. ಈಗಿನ ಹೆವಿವೇಟ್ ಚಾಂಪಿಯನ್‌ಗಳು ವರ್ಷಕ್ಕೆ ಎರಡು ಪಂದ್ಯ ಆಡಿದರೆ ಹೆಚ್ಚು. ದೇಹ ಎಷ್ಟು ಬೇಗ ಚೇತರಿಸಿಕೊಳ್ಳುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಗದದ ಸಾಕ್ಷಿ ಸಿಗುವುದಿಲ್ಲ.

ಅದರ ಕೆಳಗೆ ದೊಡ್ಡ ಖಾಲಿ ಜಾಗ. 1967ರ ಏಪ್ರಿಲ್ 28ರಂದು ಅಲಿ ಸೇನೆಗೆ ಸೇರಲು ನಿರಾಕರಿಸಿದರು. ಲೈಸೆನ್ಸ್ ಹೋಯಿತು, ಪಟ್ಟವೂ ಹೋಯಿತು. ಮುಂದಿನ ಪಂದ್ಯ 1970ರ ಅಕ್ಟೋಬರ್ 26ರಂದು, ಅಟ್ಲಾಂಟಾದಲ್ಲಿ ಜೆರ‍್ರಿ ಕ್ವಾರಿ ವಿರುದ್ಧ. ಅಂದರೆ 25ನೇ ವಯಸ್ಸಿನಿಂದ 28ರವರೆಗೆ ಒಂದೂ ಪಂದ್ಯವಿಲ್ಲ. ಆ ಜಾಗವನ್ನು ಸದ್ಯಕ್ಕೆ ಖಾಲಿಯಾಗಿಯೇ ಬಿಡಿ.

ತೂಕದ ಕಾಲಂ ಬಗ್ಗೆ ಒಂದು ಎಚ್ಚರಿಕೆ. ತೂಕ ಸರಿ ಇದ್ದರೆ ದೇಹವೂ ಸರಿ ಇದೆ ಅಂದುಕೊಳ್ಳಬೇಡಿ. ಫೋರ್‌ಮನ್ ವಿರುದ್ಧ ಅಲಿ 216.5 ಪೌಂಡ್ ಇದ್ದರು. ಆರು ವರ್ಷದ ನಂತರ, 1980ರ ಅಕ್ಟೋಬರ್‌ನಲ್ಲಿ, ಲ್ಯಾರಿ ಹೋಮ್ಸ್ ವಿರುದ್ಧ 217.5. ಕಾಗದದಲ್ಲಿ ಹೆಚ್ಚುಕಡಿಮೆ ಒಂದೇ ದೇಹ. ಆದರೆ ಹೋಮ್ಸ್ ಪಂದ್ಯಕ್ಕೆ ಮುಂಚೆ ಅವರು ಥೈರಾಯ್ಡ್ ಮಾತ್ರೆ ತೆಗೆದುಕೊಂಡಿದ್ದರು, ತೂಕ ಇಳಿದದ್ದು ಅದರ ಜೊತೆಗೆ. ಹೊಟ್ಟೆ ಒಳಗೆ ಹೋಗಿತ್ತು, ಕಸುವೂ ಹೋಗಿತ್ತು. ಹತ್ತು ರೌಂಡ್ ಹೊಡೆತ ತಿಂದು ಸ್ಟೂಲ್ ಮೇಲೆ ಕೂತವರು ಏಳಲಿಲ್ಲ. ತೂಕ ನೋಡಿ ಮೋಸ ಹೋದವರಲ್ಲಿ ಆ ಕಾಲದ ಪತ್ರಕರ್ತರೂ ಇದ್ದರು.

ಹಂತ 3: ನೋಡುವ ಕ್ರಮ

ಹೆಚ್ಚಿನವರು ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೋಗೋಣ.

ಮೊದಲು ಧ್ವನಿ ಬಂದ್ ಮಾಡಿ. ಕಾಮೆಂಟರಿ ಹೇಳುವವರು ಉತ್ಸಾಹದಲ್ಲಿರುತ್ತಾರೆ, ಜನ ಕೂಗುತ್ತಿರುತ್ತಾರೆ. ತಗುಲದ ಹೊಡೆತವೂ ತಗುಲಿದ ಹಾಗೆ ಕೇಳಿಸುತ್ತದೆ. ಪಂದ್ಯಗಳನ್ನು ತಾರೀಖಿನ ಕ್ರಮದಲ್ಲೇ ನೋಡಿ, ಹಿಂದೆ ಮುಂದೆ ಬೇಡ. ಒಂದೇ ರೌಂಡನ್ನು ಮೂರು ಸಲ ನೋಡಿ, ಪ್ರತಿ ಸಲವೂ ಒಂದೊಂದನ್ನೇ.

ಮೊದಲ ಸಲ ಕಾಲು ಮಾತ್ರ. ಮುಖ ನೋಡಲೇಬೇಡಿ. ಬೇಕಾದರೆ ಪರದೆಯ ಮೇಲರ್ಧಕ್ಕೆ ಕಾಗದ ಅಡ್ಡ ಇಡಿ. ವಿಲಿಯಮ್ಸ್ ಪಂದ್ಯದಲ್ಲಿ ಅಲಿ ಕಾಲು ನೋಡಿದರೆ ಹಿಮ್ಮಡಿ ನೆಲಕ್ಕೆ ತಾಕುವುದೇ ಅಪರೂಪ. ಹಿಂದೆ ಹೋಗುತ್ತಲೇ ಹೊಡೆಯುತ್ತಾರೆ, ಹೊಡೆದ ಮೇಲೆ ಅದೇ ಜಾಗದಲ್ಲಿ ನಿಲ್ಲುವುದಿಲ್ಲ. ಇನ್ನು 1971ರ ಮಾರ್ಚ್ 8ರ ಜೋ ಫ್ರೇಜಿಯರ್ ಪಂದ್ಯ ಹಾಕಿ. ಮೊದಮೊದಲು ಕಾಲು ಆಡುತ್ತದೆ. ಆಮೇಲೆ ಪಾದ ಚಪ್ಪಟೆಯಾಗಿ ಕೂರುತ್ತದೆ, ಬೆನ್ನು ಹಗ್ಗಕ್ಕೆ ಹೋಗುತ್ತದೆ. ಒಂದು ರೌಂಡ್‌ನಲ್ಲಿ ಎಷ್ಟು ಸೆಕೆಂಡ್ ಹಗ್ಗಕ್ಕೆ ಒರಗಿದ್ದರು ಅಂತ ಸ್ಟಾಪ್‌ವಾಚ್ ಒತ್ತಿ ಬರೆದುಕೊಳ್ಳಿ. ಈ ಒಂದು ಅಂಕಿ ಗೆಲುವು ಸೋಲಿನ ಕಾಲಂಗಿಂತ ಜಾಸ್ತಿ ಮಾತಾಡುತ್ತದೆ.

ಎರಡನೇ ಸಲ ತಪ್ಪಿಸಿಕೊಳ್ಳುವುದನ್ನು ನೋಡಿ. ಅಲಿ ಕೈ ಕೆಳಗಿಟ್ಟು, ತಲೆಯನ್ನು ನೇರವಾಗಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಬಾಕ್ಸಿಂಗ್ ಕಲಿಸುವ ಯಾರೂ ಇದನ್ನು ಕಲಿಸುವುದಿಲ್ಲ. ಯಾಕಂದರೆ ಕಣ್ಣು ಚೂರು ತಡ ಮಾಡಿದರೂ ಗುದ್ದು ನೇರ ಗದ್ದಕ್ಕೆ ಬೀಳುತ್ತದೆ. ಅದೇ ಕಾರಣಕ್ಕೆ ಇದು ದೇಹದ ಪ್ರೈಮ್ ಅಳೆಯಲು ತುಂಬಾ ಒಳ್ಳೆಯ ಗುರುತು. ಆ ಎಳೆತ ಪೂರ್ತಿ ಕಣ್ಣು ಮತ್ತು ಕಾಲಿನ ಮೇಲೆ ನಿಂತಿದೆ, ಅನುಭವ ಅದನ್ನು ತುಂಬಿಕೊಡಲಾರದು. 1966–67ರಲ್ಲಿ ಗ್ಲೌಸ್ ಗದ್ದದ ಮುಂದೆ ಹಾದುಹೋಗುತ್ತದೆ. 1971ರಲ್ಲಿ ಅದೇ ಎಳೆತ, ಆದರೆ ಫ್ರೇಜಿಯರ್ ಎಡ ಹುಕ್ (ಪಕ್ಕದಿಂದ ಕೈ ಬಾಗಿಸಿ ಬೀಸುವ ಗುದ್ದು) ಮತ್ತೆ ಮತ್ತೆ ಮುಟ್ಟುತ್ತದೆ. 15ನೇ ರೌಂಡ್‌ನಲ್ಲಿ ಅಲಿ ಅವರನ್ನು ಮಲಗಿಸಿದ್ದು ಅದೇ ಹುಕ್.

ಮೂರನೇ ಸಲ ಕೈ ನೋಡಿ. ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಹೋದಷ್ಟೇ ಬೇಗ ವಾಪಸ್ ಬರುತ್ತಿದೆಯಾ? ಒಂದರ ಹಿಂದೆ ಇನ್ನೊಂದು ಮೂರು ನಾಲ್ಕು ಹೊಡೆತ ಬರುತ್ತಿವೆಯಾ, ಇಲ್ಲಾ ಒಂದು ಹೊಡೆದು ನಿಂತು ನೋಡುತ್ತಿದ್ದಾರಾ? ಎದುರಾಳಿಯ ಕತ್ತು ಹಿಡಿದು ಎಳೆಯುವುದು ಎಷ್ಟನೇ ರೌಂಡ್‌ನಿಂದ ಶುರುವಾಯಿತು?

ಈ ಮೂರು ಆದ ಮೇಲೆ ಕೊನೆಯ ಎರಡು ರೌಂಡ್‌ಗಳನ್ನು ಮೊದಲ ಎರಡರ ಪಕ್ಕದಲ್ಲಿಟ್ಟು ನೋಡಿ. ಟೆರೆಲ್ ಪಂದ್ಯ 15 ರೌಂಡ್ ಹೋಯಿತು, ಕೊನೆಯಲ್ಲೂ ಕಾಲು ಓಡುತ್ತಿದೆ. ಮೊದಲ ರೌಂಡ್‌ನಲ್ಲಿ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ವಯಸ್ಸು ಕಾಣಿಸುವುದು ಹತ್ತರ ನಂತರ.

ಹಂತ 4: ಒಬ್ಬರ ಜೊತೆಗೇ ಎರಡು ಸಲ ಆಡಿದ ಪಂದ್ಯ ಹುಡುಕಿ

ಬೇರೆ ಬೇರೆ ಎದುರಾಳಿಗಳನ್ನು ಹೋಲಿಸಿದರೆ ವಾದ ಹರಿದುಹೋಗುತ್ತದೆ. ಅದೇ ಎದುರಾಳಿ ಎರಡು ಸಲ ಸಿಕ್ಕರೆ ಅಳತೆ ಸುಲಭ.

ಹೆನ್ರಿ ಕೂಪರ್ 1963ರ ಜೂನ್‌ನಲ್ಲಿ ಲಂಡನ್‌ನ ವೆಂಬ್ಲಿಯಲ್ಲಿ ನಾಲ್ಕನೇ ರೌಂಡ್ ಮುಗಿಯುವ ಹೊತ್ತಿಗೆ ಎಡ ಹುಕ್ ಹೊಡೆದು ಅಲಿ ಅವರನ್ನು ಬೀಳಿಸಿದರು. ಆಗ ಅಲಿಗೆ 21, ಹೆಸರು ಕ್ಯಾಸಿಯಸ್ ಕ್ಲೇ. ಕಾಲು ವೇಗವಾಗಿತ್ತು, ಅಪಾಯದ ಅಂದಾಜು ಇನ್ನೂ ಕುದುರಿರಲಿಲ್ಲ. 1966ರಲ್ಲಿ ಅದೇ ಕೂಪರ್, ಅದೇ ಎಡಗೈ. ಆ ಕೈಗೆ ಅಲಿ ಸಿಗಲೇ ಇಲ್ಲ. ಆರನೇ ರೌಂಡ್‌ನಲ್ಲಿ ಕೂಪರ್ ಕಣ್ಣಿನ ಮೇಲಿನ ಗಾಯಕ್ಕೆ ಪಂದ್ಯ ನಿಂತಿತು. ಪ್ರೈಮ್ 1963ರಲ್ಲಿ ಶುರುವಾಗಿರಲಿಲ್ಲ ಅನ್ನಲು ಈ ಜೋಡಿ ನನಗೆ ಸಾಕು.

ಚುವಾಲೊ 1966ರಲ್ಲಿ ಮತ್ತು 1972ರಲ್ಲಿ ಸಿಕ್ಕರು. ಎರಡೂ ಸಲ ತೀರ್ಪುಗಾರರ ಅಂಕದಲ್ಲಿ ಅಲಿಗೆ ಗೆಲುವು. ಇದೂ ಒಳ್ಳೆಯ ಜೋಡಿ, ಕಾಲು ನೋಡಿ ಹೋಲಿಸಿ.

ಫ್ಲಾಯ್ಡ್ ಪ್ಯಾಟರ್ಸನ್ ಜೋಡಿಯಲ್ಲಿ ಮಾತ್ರ ಹುಷಾರು. 1965ರಲ್ಲಿ ಪಂದ್ಯ 12ನೇ ರೌಂಡ್‌ವರೆಗೆ ಹೋಯಿತು, 1972ರಲ್ಲಿ ಏಳಕ್ಕೇ ಮುಗಿಯಿತು. ಹಾಗಾದರೆ 1972ರ ಅಲಿ ಜಾಸ್ತಿ ಬಲಶಾಲಿಯಾ? ಅಲ್ಲ. ಎರಡನೇ ಸಲ ಪ್ಯಾಟರ್ಸನ್‌ಗೆ 37 ವರ್ಷ, ಕಣ್ಣು ಬಾತು ಆಡಲಾಗಲಿಲ್ಲ. ಫಲಿತಾಂಶ ಮೇಲೆ ಹೋಗುತ್ತಿದ್ದರೂ ದೇಹ ಕೆಳಗೆ ಇಳಿಯುತ್ತಿರಬಹುದು. ಹಾಗಾಗಿ ಫಲಿತಾಂಶದಿಂದ ಪ್ರೈಮ್ ತೀರ್ಮಾನ ಮಾಡಬೇಡಿ.

ಹಂತ 5: ಎದುರಾಳಿಯ ಸ್ಥಿತಿ ಕಳೆಯಿರಿ

ಅಲಿ ಅವರ ಅತಿ ಚಂದದ ಪಂದ್ಯ ಯಾವುದು ಅಂದರೆ ಬಹಳ ಜನ ಹ್ಯೂಸ್ಟನ್‌ನ ಆಸ್ಟ್ರೋಡೋಮ್‌ನಲ್ಲಿ ನಡೆದ ವಿಲಿಯಮ್ಸ್ ಪಂದ್ಯವನ್ನೇ ಹೇಳುತ್ತಾರೆ. 1966ರ ನವೆಂಬರ್ 14, ಮೂರನೇ ರೌಂಡ್‌ನಲ್ಲಿ ಮುಗಿಯಿತು. ಆದರೆ 1964ರಲ್ಲಿ ವಿಲಿಯಮ್ಸ್‌ಗೆ ಪೊಲೀಸರ ಗುಂಡು ತಗುಲಿತ್ತು. ಒಂದು ಮೂತ್ರಪಿಂಡ ಹೋಗಿತ್ತು. ವಯಸ್ಸು 33. ಇದನ್ನು ಹೇಳದೆ ಆ ಪಂದ್ಯವನ್ನು ಎದುರಿಗಿಟ್ಟರೆ, ತಿಳಿದವರು ನಿಮ್ಮ ಪೂರ್ತಿ ವಾದವನ್ನೇ ಮಡಿಸಿ ಇಟ್ಟುಬಿಡುತ್ತಾರೆ.

ಹಾಗಂತ ಆ ಪಂದ್ಯ ಬಿಸಾಡಬೇಕಿಲ್ಲ. ನಾಕೌಟ್ ಅನ್ನು ಸಾಕ್ಷಿಯಾಗಿ ಬಳಸಬೇಡಿ, ಕಾಲನ್ನು ಬಳಸಿ. ಎದುರಾಳಿ ದುರ್ಬಲನಾದರೆ ಬೀಳಿಸುವುದು ಸುಲಭವಾಗುತ್ತದೆ ಸರಿ. ಹಿಂದಕ್ಕೆ ಓಡುತ್ತಲೇ ಸಮತೋಲನ ತಪ್ಪದೆ ನಾಲ್ಕು ಹೊಡೆತ ಹೊಡೆಯುವುದು ಅದರಿಂದ ಸುಲಭವಾಗುವುದಿಲ್ಲ. ಅದು ಹೊಡೆಯುವವನ ದೇಹದ ಕೆಲಸ.

ಎದುರಾಳಿಗೂ ಪ್ರೈಮ್ ಇರುತ್ತದೆ ಅನ್ನುವುದನ್ನೂ ಮರೆಯಬೇಡಿ. 1971ರಲ್ಲಿ ಫ್ರೇಜಿಯರ್‌ಗೆ 27, ಒಂದೂ ಸೋಲಿಲ್ಲ. 1974ರಲ್ಲಿ ಫೋರ್‌ಮನ್‌ಗೆ 25, 40 ಪಂದ್ಯ, 40 ಗೆಲುವು. ಅಂದರೆ ಅಲಿ ಅವರ ಅತಿ ದೊಡ್ಡ ಗೆಲುವು ಬಂದಾಗ ದೇಹದ ಪ್ರೈಮ್ ಇದ್ದದ್ದು ಎದುರಾಳಿಗೆ. ಕಿನ್ಶಾಸಾದ ಮೊದಲ ರೌಂಡ್‌ನಲ್ಲಿ ಅಲಿ ಓಡಾಡಿ ಹೊಡೆಯುತ್ತಾರೆ, ಎರಡನೆಯದರಿಂದ ಹಗ್ಗಕ್ಕೆ ಹೋಗುತ್ತಾರೆ. 1966ರ ಕಾಲಿದ್ದಿದ್ದರೆ ಹಗ್ಗ ಬೇಕಿರಲಿಲ್ಲ. 32ನೇ ವಯಸ್ಸಿನಲ್ಲಿ ಆ ಕಾಲಿಲ್ಲ ಅಂತ ತಿಳಿದು, ಇದ್ದದ್ದರಲ್ಲೇ ದಾರಿ ಹುಡುಕಿದ್ದು ಅವರ ಕಸುಬು. ನನಗೆ ಆ ರಾತ್ರಿ ಇಷ್ಟವಾಗುವುದೂ ಅದಕ್ಕೇ. ಆದರೆ ಅದನ್ನು ಬರೆಯಬೇಕಾದದ್ದು ಎರಡನೇ ಪ್ರೈಮ್‌ನ ಕೆಳಗೆ, ಮೊದಲನೆಯದರ ಕೆಳಗಲ್ಲ.

ಹಂತ 6: ಗೆರೆ ಎಳೆಯಿರಿ, ಖಾಲಿ ಜಾಗ ತುಂಬಬೇಡಿ

ಈಗ ಶುರು ಮತ್ತು ಕೊನೆ ಎರಡನ್ನೂ ತಾರೀಖಿನಲ್ಲಿ ಹೇಳಿ. ‘ಅರವತ್ತರ ದಶಕ’ ಅನ್ನುವುದು ಉತ್ತರವಲ್ಲ.

ನನ್ನ ಗೆರೆ: ಶುರು 1964ರ ಫೆಬ್ರವರಿ 25, ಮಯಾಮಿಯಲ್ಲಿ ಸನ್ನಿ ಲಿಸ್ಟನ್ ಏಳನೇ ರೌಂಡ್‌ಗೆ ಏಳದೆ ಕೂತ ದಿನ. ಕೊನೆ 1967ರ ಮಾರ್ಚ್ 22, ನ್ಯೂಯಾರ್ಕ್‌ನಲ್ಲಿ ಫಾಲಿ ಪಂದ್ಯ. ಅದರೊಳಗೆ ಅತಿ ಎತ್ತರದ ಜಾಗ ಕೊನೆಯ ಐದು ತಿಂಗಳು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. 1967ರ ಮಾರ್ಚ್ ಅನ್ನುವುದು ನಾವು ಕಂಡ ಪ್ರೈಮ್‌ನ ಕೊನೆ. ದೇಹ ಅಲ್ಲಿಗೇ ಇಳಿಯಿತು ಅನ್ನಲು ಯಾವ ಆಧಾರವೂ ಇಲ್ಲ. ಅವರಿಗೆ ಆಗ 25. ಹೆವಿವೇಟ್ ಬಾಕ್ಸರ್‌ಗಳಿಗೆ 26, 27, 28 ಅಂದರೆ ಒಳ್ಳೆಯ ಪ್ರಾಯ. ಆ ವರ್ಷಗಳನ್ನು ರಿಂಗಿನ ಹೊರಗಿನ ಕಾರಣ ತಿಂದುಹಾಕಿತು. ನಿಜವಾದ ಪ್ರೈಮ್ ಯಾರೂ ನೋಡಲೇ ಇಲ್ಲ ಅನ್ನುವವರಿದ್ದಾರೆ. ಆ ಮಾತಿನಲ್ಲಿ ನೋವಿದೆ, ತೂಕವೂ ಇದೆ. ಆದರೆ ಅದನ್ನು ವಾದದಲ್ಲಿ ಸಾಕ್ಷಿಯಾಗಿ ಇಡಲಾಗದು. ಆ ಜಾಗದಲ್ಲಿ ‘ಕಂಡಿಲ್ಲ’ ಅಂತ ಬರೆದು ಬಿಡಿ. 1968ರ ಅಲಿ ಹಾಗೆ ಆಡುತ್ತಿದ್ದರು, ಹೀಗೆ ಆಡುತ್ತಿದ್ದರು ಅಂತ ಕಟ್ಟುವುದು ಬೇಡ.

ಹಂತ 7: ವಾದ ಮಂಡಿಸುವುದು

ಮೂರು ವಾಕ್ಯದಲ್ಲಿ ಹೇಳಿ. ಯಾವ ಪ್ರೈಮ್ ಅನ್ನುವುದು ಮೊದಲು. ಎಲ್ಲಿಂದ ಎಲ್ಲಿಗೆ ಅನ್ನುವುದು ಆಮೇಲೆ. ಮೂರನೆಯದು ಏನು ತೋರಿಸಿದರೆ ನಿಮ್ಮ ಅಭಿಪ್ರಾಯ ಬದಲಾಗುತ್ತದೆ ಅನ್ನುವುದು. ಈ ಕೊನೆಯದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ವಾದ ಜಗಳವಾಗುತ್ತದೆ. ‘1970ರ ನಂತರ 15 ರೌಂಡ್ ಪೂರ್ತಿ ಹಗ್ಗಕ್ಕೆ ಒರಗದೆ, ಕತ್ತು ಹಿಡಿಯದೆ ಆಡಿದ ಒಂದು ಪಂದ್ಯ ತೋರಿಸಿ, ನನ್ನ ಗೆರೆ ಮುಂದಕ್ಕೆ ಸರಿಸುತ್ತೇನೆ’ ಅನ್ನಿ. ಮಾತು ಆಗ ತಾನೇ ವಿಡಿಯೊ ಕಡೆಗೆ ತಿರುಗುತ್ತದೆ.

ವಾದ ಹಳಿ ತಪ್ಪಿದ್ದಕ್ಕೆ ಗುರುತುಗಳು

‘ಸೋತ, ಹಾಗಾಗಿ ಅದು ಪ್ರೈಮ್ ಅಲ್ಲ’ ಅನ್ನುವ ಮಾತು ಬಂದರೆ ಅಲ್ಲೇ ನಿಲ್ಲಿಸಿ. ಇದು ಸುತ್ತಿ ಸುತ್ತಿ ಅಲ್ಲಿಗೇ ಬರುವ ವಾದ. ಫ್ರೇಜಿಯರ್ ವಿರುದ್ಧ ಅಲಿ ಪ್ರೈಮ್‌ನಲ್ಲಿರಲಿಲ್ಲ ಅನ್ನಲು ಸೋಲು ಬೇಕಿಲ್ಲ. ಅದಕ್ಕೂ ಮೊದಲೇ, 1970ರ ಡಿಸೆಂಬರ್‌ನಲ್ಲಿ, ಆಸ್ಕರ್ ಬೊನಾವೆನಾ ವಿರುದ್ಧ ಗೆದ್ದ ಪಂದ್ಯದಲ್ಲೇ ಕಾಲು ಭಾರವಾಗಿರುವುದು ಕಾಣುತ್ತದೆ. ಗೆದ್ದ ಪಂದ್ಯದಲ್ಲಿ ಇಳಿತ ತೋರಿಸಿದರೆ ಯಾರೂ ನೆಪ ಅನ್ನುವಂತಿಲ್ಲ.

ಪಟ್ಟ ವಾಪಸ್ ಬಂದರೆ ಪ್ರೈಮ್ ವಾಪಸ್ ಬಂತು ಅನ್ನುವುದು ಇನ್ನೊಂದು ತಪ್ಪು. 1978ರ ಫೆಬ್ರವರಿಯಲ್ಲಿ ಅಲಿ ಸೋತದ್ದು ಲಿಯಾನ್ ಸ್ಪಿಂಕ್ಸ್‌ಗೆ. ಅದಕ್ಕೆ ಮೊದಲು ಸ್ಪಿಂಕ್ಸ್ ಆಡಿದ್ದು ಏಳೇ ವೃತ್ತಿಪರ ಪಂದ್ಯ. ಸೆಪ್ಟೆಂಬರ್‌ನಲ್ಲಿ ಅಲಿ ಪಟ್ಟ ಮರಳಿ ಪಡೆದರು. ದೇಹ ಮರಳಲಿಲ್ಲ. ಅವರ ಜೊತೆಗಿದ್ದ ವೈದ್ಯ ಫರ್ಡಿ ಪಚೆಕೊ 1977ರಲ್ಲಿ ಅರ್ನಿ ಶೇವರ್ಸ್ ಪಂದ್ಯದ ನಂತರವೇ ಬಿಟ್ಟು ಹೋಗಿದ್ದರು. ಹತ್ತಿರದವರು ಹೊರಟರೆ ಅದನ್ನೂ ಪಟ್ಟಿಯಲ್ಲಿ ಬರೆಯಿರಿ.

ಬರೀ ವಯಸ್ಸು ಹಿಡಿದು ಲೆಕ್ಕ ಹಾಕುವುದೂ ಕೈಕೊಡುತ್ತದೆ. ಅದಕ್ಕೆ ಟೈಸನ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಅಭ್ಯಾಸಕ್ಕೆ: ಟೈಸನ್ ಲೆಕ್ಕ

ಹುಟ್ಟಿದ್ದು 1966ರ ಜೂನ್ 30. 1986ರ ನವೆಂಬರ್ 22ರಂದು ಟ್ರೆವರ್ ಬರ್ಬಿಕ್ ಅವರನ್ನು ಎರಡನೇ ರೌಂಡ್‌ನಲ್ಲಿ ಕೆಡವಿ, 20ನೇ ವಯಸ್ಸಿಗೇ ಚಾಂಪಿಯನ್. 1988ರ ಜೂನ್ 27ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಮೈಕಲ್ ಸ್ಪಿಂಕ್ಸ್ 91 ಸೆಕೆಂಡ್‌ನಲ್ಲಿ ಮುಗಿದರು. ಅದೇ ವರ್ಷ ತರಬೇತುದಾರ ಕೆವಿನ್ ರೂನಿ ಅವರನ್ನು ಟೈಸನ್ ತೆಗೆದುಹಾಕಿದರು. 1990ರ ಫೆಬ್ರವರಿ 11ರಂದು ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್‌ಗೆ ಸೋತಾಗ ವಯಸ್ಸು ಬರೀ 23.

ವಯಸ್ಸು ಮಾತ್ರ ನೋಡುವವರು 1990 ಪ್ರೈಮ್ ಅನ್ನುತ್ತಾರೆ. ಅಭಿಮಾನಿಗಳು ಸೋಲು ನೋಡಿ ಅಲ್ಲ ಅನ್ನುತ್ತಾರೆ. ಎರಡೂ ಬಿಡಿ, ಹಂತ 3ಕ್ಕೆ ಹೋಗಿ. ಟೈಸನ್ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಕಾಲಲ್ಲ, ತಲೆ. 1986–88ರಲ್ಲಿ ತಲೆ ಒಂದು ಕ್ಷಣವೂ ಒಂದೇ ಕಡೆ ನಿಲ್ಲುವುದಿಲ್ಲ. ಎಡಕ್ಕೆ, ಬಲಕ್ಕೆ, ಕೆಳಗೆ, ಅದರ ಹಿಂದೆಯೇ ಹೊಟ್ಟೆಗೊಂದು ಗುದ್ದು, ಗದ್ದಕ್ಕೊಂದು. ಟೋಕಿಯೊದಲ್ಲಿ ತಲೆ ನೆಟ್ಟಗೆ ನಿಂತಿದೆ, ಡಗ್ಲಸ್ ಜ್ಯಾಬ್ ಒಂದರ ಮೇಲೊಂದು ಬೀಳುತ್ತಿದೆ, ಟೈಸನ್ ಕಡೆಯಿಂದ ಒಂಟಿ ಹೊಡೆತ. ಇದಕ್ಕೂ ಒಂದು ವರ್ಷ ಮುಂಚೆ, 1989ರ ಫೆಬ್ರವರಿಯಲ್ಲಿ, ಫ್ರ್ಯಾಂಕ್ ಬ್ರೂನೊ ವಿರುದ್ಧ ಗೆದ್ದ ಪಂದ್ಯದಲ್ಲೇ ಈ ಲಕ್ಷಣ ಶುರುವಾಗಿದೆ. ಅದನ್ನು ತೋರಿಸಿ.

ಇನ್ನು ಕಾರ್ನರ್, ಅಂದರೆ ರೌಂಡ್‌ಗಳ ನಡುವೆ ಬಾಕ್ಸರ್ ಕೂರುವ ಮೂಲೆ ಕಡೆ ನೋಡಿ. ಕಣ್ಣು ಬಾತಾಗ ಒತ್ತಲು ತಣ್ಣಗೆ ಮಾಡಿಟ್ಟ ಲೋಹದ ಚಿಕ್ಕ ತುಂಡೊಂದನ್ನು ಪ್ರತಿ ತಂಡವೂ ಇಟ್ಟುಕೊಂಡಿರುತ್ತದೆ. ಆ ರಾತ್ರಿ ಟೈಸನ್ ಕಡೆಯವರ ಹತ್ತಿರ ಅದಿರಲಿಲ್ಲ. ರಬ್ಬರ್ ಕೈಗವಸಿಗೆ ಐಸ್ ನೀರು ತುಂಬಿ ಕಣ್ಣಿಗೆ ಒತ್ತುತ್ತಿದ್ದರು. ಕಣ್ಣು ಮುಚ್ಚುತ್ತಾ ಹೋಯಿತು.

ಇದನ್ನು ದೇಹದ ಕಾಲಂನಲ್ಲಿ ಬರೆಯಬೇಡಿ. ‘ತಯಾರಿ’ ಅಂತ ಇನ್ನೊಂದು ಕಾಲಂ ಹಾಕಿ ಅಲ್ಲಿ ಬರೆಯಿರಿ. 23ರ ದೇಹ ಮುದಿಯಾಗಿರಲಿಲ್ಲ. ಅದನ್ನು ಸಜ್ಜು ಮಾಡುವ ಕೆಲಸ ಸಡಿಲವಾಗಿತ್ತು. 1991ರ ಜೂನ್‌ನಿಂದ 1995ರ ಆಗಸ್ಟ್‌ವರೆಗೆ ಟೈಸನ್ ಪಟ್ಟಿಯಲ್ಲೂ ಖಾಲಿ ಜಾಗ ಬರುತ್ತದೆ. ಅಲ್ಲೂ ‘ಕಂಡಿಲ್ಲ’ ಅಂತಲೇ ಬರೆಯಿರಿ. ಆಮೇಲೆ 1996ರ ಇವಾಂಡರ್ ಹೋಲಿಫೀಲ್ಡ್ ವಿರುದ್ಧದ ಪಂದ್ಯ ಹಾಕಿ, ಮೊದಲು ತಲೆ ನೋಡಿ.